ಪೆಟ್ಟಿಗೆಯ ಬಸವಣ್ಣ, ಪೇಟೆಯ ಬಸವಣ್ಣ

ಬಸವ ಜಯಂತಿಯಂದು ಮುಂಬಯಿಯ ಉಪನಗರದಲ್ಲಿರುವ ಮಿತ್ರರೊಬ್ಬರ ಮನೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಕನ್ನಡಿಗರು ಸೇರುವುದು ರೂಢಿ. ಆ ಮನೆಯ ಯಜಮಾನರು ನಾಣ್ಯಸಂಗ್ರಾಹಕರು. ಬಸವಣ್ಣನವರ ಭಾವಚಿತ್ರದ ಮುಂದೆ ಹೂವು ಹಣ್ಣುಗಳೊಡನೆ ಮಖಮಲ್ಲು ಹಾಸಿದ ತಟ್ಟೆಯೊಂದನ್ನೂ ಅವರು ಇಡುತ್ತಾರೆ. ಅದರಲ್ಲಿರುವುದು ಸಂತರ ನಾಣ್ಯಗಳು. ತಂಜಾವೂರಿನ ವಿಶ್ವ ತಮಿಳು ಸಮ್ಮೇಳನದ ನೆನಪಿಗೆ 1995ರಲ್ಲಿ ಬಂದ ತಿರುವಳ್ಳುವರ್, 1999ರ ಒಂದು ರೂಪಾಯಿಯ ಜ್ಞಾನೇಶ್ವರ, 2002ರ ತುಕಾರಾಮ, 2006ರ ಐದು ರೂಪಾಯಿಯ ನಾರಾಯಣ ಗುರು, 2009ರ ಅಲ್ಫೋನ್ಸಾ. ನಡುವೆ 2006ರ ಬಸವೇಶ್ವರ ನಾಣ್ಯಗಳು ಎರಡು: ಚಲಾವಣೆಗೆಂದು ಬಂದ ಐದು ರೂಪಾಯಿಯದೊಂದು, ಸಂಗ್ರಾಹಕರಿಗೆಂದೇ ಟಂಕಿಸಿದ ನೂರು ರೂಪಾಯಿಯದೊಂದು. ಮೂವತ್ತೈದು ಗ್ರಾಮ್ ತೂಕದ, ಅರ್ಧ ಬೆಳ್ಳಿಯ ಆ ದೊಡ್ಡ ನಾಣ್ಯ ತನ್ನ ಪ್ಲಾಸ್ಟಿಕ್ ಕವಚದಿಂದ ಎಂದೂ ಹೊರಬಂದಿಲ್ಲ.

ಈ ವರ್ಷ ಬಂದವರ ಪೈಕಿ ಒಬ್ಬರ ಮಗಳು, ಏಳೆಂಟು ವರ್ಷದವಳು, ಐದರ ನಾಣ್ಯವನ್ನು ತೋರಿಸಿ, “ಇದನ್ನು ಅಂಗಡಿಯಲ್ಲಿ ಕೊಟ್ಟರೆ ಏನಾದರೂ ಕೊಡುತ್ತಾರಾ?” ಎಂದು ಕೇಳಿದಳು. ಹಿರಿಯರೆಲ್ಲ ನಕ್ಕು ಸುಮ್ಮನಾದರು. ನಮಗೆ ಮಾತ್ರ ಆ ಪ್ರಶ್ನೆ ಮನೆಗೆ ಮರಳಿದ ಮೇಲೂ ಬಿಡಲಿಲ್ಲ. ಸಂತರ ಮುಖವುಳ್ಳ ನಾಣ್ಯವನ್ನು ಗೌರವಿಸುವುದೆಂದರೆ ಅದನ್ನು ಕಾಪಿಡುವುದೋ, ಕೊಟ್ಟುಬಿಡುವುದೋ?

ಮೊದಲು ಸಂಗ್ರಾಹಕರ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ನಾವೆಲ್ಲ ದಿನವೂ ನಾಣ್ಯವನ್ನು ಮುಟ್ಟುತ್ತೇವೆ, ನೋಡುವುದಿಲ್ಲ; ನೋಡುವವರು ಅವರು. ಇಸವಿಯ ಕೆಳಗೆ ವಜ್ರದಾಕಾರದ ಗುರುತಿದ್ದರೆ ಅದು ಮುಂಬಯಿ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು ಎಂಬುದನ್ನು ನಾವು ಕಲಿತದ್ದು ಆ ಮಿತ್ರರಿಂದಲೇ. ನಮ್ಮ ನಾಡಿನ ಚರಿತ್ರೆಯೂ ಇಂಥವರಿಗೆ ಋಣಿಯಾಗಿದೆ. ಹೊಯ್ಸಳ ವಿಷ್ಣುವರ್ಧನನು ‘ತಲಕಾಡುಗೊಂಡ’ ಎಂಬ ತನ್ನ ಬಿರುದನ್ನು ಚಿನ್ನದ ನಾಣ್ಯದ ಮೇಲೆ ಕನ್ನಡ ಲಿಪಿಯಲ್ಲಿ ಅಚ್ಚೊತ್ತಿಸಿದ್ದನೆಂದು ಇಂದು ನಾವು ಹೇಳಬಲ್ಲೆವಾದರೆ, ಯಾರೋ ಅದನ್ನು ಕರಗಿಸದೆ ಉಳಿಸಿದ್ದರಿಂದ. ಎಲ್ಲವೂ ಖರ್ಚಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ.

ಆ ಹೊಯ್ಸಳ ನಾಣ್ಯವೂ ಬಸವಣ್ಣನವರೂ ಒಂದೇ ಶತಮಾನಕ್ಕೆ ಸೇರಿದವರು. ಅಂದಿನ ಅರಸನ ನಾಣ್ಯದಲ್ಲಿ ಕನ್ನಡವಿತ್ತು. ಜನರ ಕನ್ನಡದಲ್ಲೇ ಅನುಭಾವವನ್ನು ನುಡಿದ ಬಸವಣ್ಣನವರ 2006ರ ನಾಣ್ಯದಲ್ಲಿ ಅವರ ಹೆಸರು ಇರುವುದು ನಾಗರಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ತುಕಾರಾಮರಿಗೆ ಈ ಕೊರತೆ ತಟ್ಟದು, ನಾಗರಿ ಮರಾಠಿಗೂ ಲಿಪಿಯೇ. ನೋಟಿನ ಮೇಲೆ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೊಂದು ಸಾಲು ದೊರೆತಿದೆ. ವಚನಕಾರರ ನಾಣ್ಯದ ಮೇಲೆ ನಾಲ್ಕು ಅಕ್ಷರಗಳಿಗೆ ಎಡೆಯಿರಲಿಲ್ಲವೇ? ಸಂತರ ಹೆಸರಿನಲ್ಲಿ ನಾಣ್ಯ ತರುವವರು ಸಂತರು ಆಡಿದ ನುಡಿಯನ್ನೂ ತರಬೇಕೆಂದು ಕೇಳುವುದು ದುರಾಸೆಯಲ್ಲ. ಇದನ್ನೂ ನಮಗೆ ತೋರಿಸಿಕೊಟ್ಟವರು ನಾಣ್ಯವನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡುವ ಮಿತ್ರರೇ.

ಇಷ್ಟು ಹೇಳಿದ ಮೇಲೂ ನಮ್ಮ ಅಳುಕು ಉಳಿಯುತ್ತದೆ. ಆ ತಟ್ಟೆಯ ಮೇಲಿದ್ದ ಸಂತರಲ್ಲಿ ಹಣದೊಡನೆ ನಿಕಟವಾಗಿ ಬದುಕಿದವರಿದ್ದರು. ತುಕಾರಾಮರದು ಅಂಗಡಿ ಇಟ್ಟ ಮನೆತನ. ತಮಗೆ ಬರಬೇಕಿದ್ದ ಸಾಲದ ಪತ್ರಗಳನ್ನು ಅವರು ದೇಹುವಿನ ಇಂದ್ರಾಯಣಿಯಲ್ಲಿ ಬಿಟ್ಟರೆಂದು ಮಹಾರಾಷ್ಟ್ರದಲ್ಲಿ ಇಂದಿಗೂ ಹೇಳುತ್ತಾರೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ. ಅವರು ಬೊಕ್ಕಸವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ಆಗದವರು ದೂರಿತ್ತರೆಂದೂ, ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಸರ್ಕಾರಿ ಕಚೇರಿಯಲ್ಲಿ ಲೆಕ್ಕಪರಿಶೋಧನೆಯ ಬಿಸಿ ಬಲ್ಲ ನಮಗೆ ಈ ಕಥೆಯ ಮೇಲೆ ವಿಶೇಷ ಪ್ರೀತಿ. ಹಣ ಕೈಯಲ್ಲಿದ್ದರೂ ಅದು ತನ್ನದಲ್ಲವೆಂದು ತಿಳಿದವರ ಕಥೆ ಅದು. ಕಾಯಕದಿಂದ ಬಂದದ್ದು ದಾಸೋಹಕ್ಕೆ ಹೋಗಬೇಕು, ನಡುವೆ ನಿಲ್ಲಬಾರದು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇಲ್ಲಿಯೇ ನೆನಪಾಗುತ್ತದೆ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹಿಂತಿರುಗಿಸಿ ಬನ್ನಿ ಎಂದು ಕಳುಹಿಸಿದಳು. ಆಯುವುದು ತಪ್ಪಲ್ಲ, ಹೆಚ್ಚು ಆಯುವುದು ತಪ್ಪು. ಸಂಗ್ರಹವೇ ಹವ್ಯಾಸವಾದವರು ವರ್ಷಕ್ಕೊಮ್ಮೆಯಾದರೂ ಈ ಕಥೆಯನ್ನು ಓದಿಕೊಳ್ಳಬೇಕು. ಒಂದೇ ನಾಣ್ಯದ ನಲವತ್ತು ಪ್ರತಿಗಳನ್ನು, ಮುಂದೆ ಬೆಲೆ ಏರೀತೆಂಬ ಆಸೆಯಿಂದ, ಡಬ್ಬಿಯಲ್ಲಿ ತುಂಬಿಟ್ಟವರನ್ನು ನಾವು ಕಂಡಿದ್ದೇವೆ. ಅವರು ಕೂಡಿಟ್ಟದ್ದು ಸಂತರನ್ನಲ್ಲ, ಏರಬಹುದಾದ ಬೆಲೆಯನ್ನು.

ಪಂಚಾಂಗದ ವಿಡಂಬನೆಯನ್ನೂ ಗಮನಿಸಬೇಕು. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯಂದು, ಅಂದೇ ಅಕ್ಷಯ ತದಿಗೆ. ಬಸವಣ್ಣನವರ ಚಿತ್ರಕ್ಕೆ ಮಾಲೆ ಬೀಳುವ ಹೊತ್ತಿಗೇ ಚಿನ್ನದಂಗಡಿಗಳ ಮುಂದೆ ಜನ ಸಾಲುಗಟ್ಟಿ, ಲಕ್ಷ್ಮಿಯ ಮುದ್ರೆಯ ಚಿನ್ನದ ನಾಣ್ಯ ಕೊಳ್ಳುತ್ತಾರೆ. ಕೊಂಡದ್ದು ಕ್ಷಯಿಸದಿರಲಿ ಎಂಬ ಆಸೆ ಅದು. ಸಂತರ ನಾಣ್ಯವೂ ಇದೇ ಸಾಲಿಗೆ ಸೇರಿ, ಮನೆಯಲ್ಲಿದ್ದರೆ ಶುಭವೆಂಬ ವಸ್ತುವಾಗಿಬಿಟ್ಟರೆ ವಂಚಕರಿಗೆ ಸುಗ್ಗಿ. ಹಳೆಯ ನೋಟು, ನಾಣ್ಯಗಳನ್ನು ಕೊಡಿಸುತ್ತೇವೆ, ಕೊಳ್ಳುತ್ತೇವೆ ಎಂದು ತನ್ನ ಹೆಸರು, ಲಾಂಛನ ಬಳಸಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಇಂಥ ಬಲೆಗೆ ಬೀಳುವವರು ಅನುಭವಿ ಸಂಗ್ರಾಹಕರಲ್ಲ. ಪಿಂಚಣಿಯ ಹಣ ಕೈಯಲ್ಲಿರುವ ನಮ್ಮಂಥವರ ಮನೆಯ ಹಿರಿಯರು.

ಹುಡುಗಿಯ ಪ್ರಶ್ನೆಗೆ ಕಾನೂನಿನ ಉತ್ತರ ಸರಳ. ಸರ್ಕಾರ ಹೊರಡಿಸಿದ ಸ್ಮರಣಾರ್ಥ ಐದು ರೂಪಾಯಿಗೂ ಸಾಧಾರಣ ಐದು ರೂಪಾಯಿಗೂ ಬೆಲೆಯಲ್ಲಿ ಭೇದವಿಲ್ಲ. ಆದರೆ ಅಂಗಡಿಯ ಉತ್ತರ ಬೇರೆ. ಬೇರೆ ಬೇರೆ ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳನ್ನು ಜನ ನಿರಾಕರಿಸತೊಡಗಿದಾಗ, 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹದಿನಾಲ್ಕು ವಿನ್ಯಾಸಗಳೂ ನಡೆಯುತ್ತವೆಂದು ಪ್ರಕಟಿಸಬೇಕಾಯಿತು. ಅಪರಿಚಿತ ಮುಖವನ್ನು ಕಂಡು ಪೇಟೆ ಅನುಮಾನಿಸುತ್ತದೆ. ಮುಖ ಪರಿಚಿತವಾಗಬೇಕಾದರೆ ಕೈಯಿಂದ ಕೈಗೆ ಹೋಗಬೇಕು. ಹೋಗಬೇಕಾದರೆ ಯಾರಾದರೂ ಬಿಟ್ಟುಕೊಡಬೇಕು.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ನಮಗೆ ಕೊಟ್ಟವರೇ ಶರಣರು. ಕವಚದೊಳಗೆ ಹೊಳೆಯುವ ನೂರರ ನಾಣ್ಯ ಸ್ಥಾವರ. ಮೀನಿನ ಬುಟ್ಟಿಯವಳ ಸೊಂಟದ ಚೀಲದಲ್ಲಿ, ರಿಕ್ಷಾದವನ ಅಂಗಿಜೇಬಿನಲ್ಲಿ, ಗುಡಿಯ ಹುಂಡಿಯಲ್ಲಿ, ದರ್ಗಾದ ಪೆಟ್ಟಿಗೆಯಲ್ಲಿ ಜಾತಿ ಕೇಳದೆ ಸುತ್ತುವ ಐದರ ನಾಣ್ಯ ಜಂಗಮ. ಅದು ಸವೆಯುತ್ತದೆ, ಮುಖ ಮಾಸುತ್ತದೆ, ಒಂದು ದಿನ ಟಂಕಸಾಲೆಗೆ ಮರಳಿ ಕರಗುತ್ತದೆ. ಮಹಾಮನೆಯ ಬಾಗಿಲನ್ನು ಎಲ್ಲರಿಗೂ ತೆರೆದವರ ಮುಖಕ್ಕೆ ಆ ಸವೆತ ಅವಮಾನವಲ್ಲ ಎಂದು ನಾವು ತಿಳಿಯುತ್ತೇವೆ.

ಮರುವಾರ ಯಜಮಾನರಿಗೆ ಇದನ್ನೆಲ್ಲ ಹೇಳಿದೆವು. ಅವರು ಮುನಿಯಲಿಲ್ಲ. “ಎಲ್ಲರೂ ನಿಮ್ಮ ಮಾತು ಕೇಳಿದ್ದರೆ, ಆ ಮಗು ಪ್ರಶ್ನೆ ಕೇಳುವುದಕ್ಕೆ ನಾಣ್ಯವೇ ಇರುತ್ತಿರಲಿಲ್ಲವಲ್ಲ ಸ್ವಾಮಿ” ಎಂದರು. ಅದು ನ್ಯಾಯವಾದ ಮಾತು. ಆದ್ದರಿಂದ ಸಂಗ್ರಹವನ್ನು ಕರಗಿಸಿರೆಂದು ನಾವು ಯಾರಿಗೂ ಹೇಳುವುದಿಲ್ಲ. ನಮ್ಮ ಬೇಡಿಕೆ ಚಿಕ್ಕದು: ನೋಡುವುದಕ್ಕೆ ಒಂದು ಪ್ರತಿ ಉಳಿಯಲಿ, ಮಿಕ್ಕ ಪ್ರತಿಗಳು ಸಂತರ ದಿನದಂದು ಮನೆಯಿಂದ ಹೊರಡಲಿ. ತುಕಾರಾಮ ಬೀಜಿನಂದು ತುಕಾರಾಮರ ರೂಪಾಯಿ, ಜುಲೈ 28ರಂದು ಅಲ್ಫೋನ್ಸಾರ ಐದು, ಬಸವ ಜಯಂತಿಯಂದು ಬಸವಣ್ಣನವರದು, ಯಾರ ಮುಖ, ಏಕೆ ಎಂಬ ಎರಡು ಮಾತಿನೊಡನೆ ಮಕ್ಕಳ ಕೈಗೆ ಬರಲಿ. ಅವರು ಅದನ್ನು ಖರ್ಚು ಮಾಡಲಿ.

ಯಜಮಾನರ ಬಳಿ ಐದರ ಬಸವಣ್ಣ ಹೆಚ್ಚುವರಿಯಾಗಿ ಆರು ಇದ್ದಾವಂತೆ. ಬರುವ ವರ್ಷ ನೋಡೋಣ ಎಂದಿದ್ದಾರೆ. ನಾವೂ ಆ ಹುಡುಗಿಯನ್ನು ಮರೆಯದೆ ಕರೆತರುವಂತೆ ಅವಳ ತಂದೆಗೆ ಹೇಳಿಟ್ಟಿದ್ದೇವೆ.