ರಕ್ತದ ರೋಗ ಅಂದರೆ ಯಾರ ರೋಗ?

ನಮ್ಮ ಕಡೆ ಒಂದು ಮಾತು ರೂಢಿಯಾಗಿಬಿಟ್ಟಿದೆ: "ಅದು ರಕ್ತದಾಗ ಬಂದದ್ದರಿ, ಅದಕ್ಕ ಯಾರೇನ ಮಾಡಾಕ ಬರತೈತಿ?" ಊರ ಕಟ್ಟೆಯ ಮೇಲೆ ಇದನ್ನು ಕನಿಕರದ ದನಿಯಲ್ಲಿ ಹೇಳುತ್ತಾರೆ. ಸೈನ್ಯದ ವೈದ್ಯಕೀಯ ಮಂಡಳಿಯ ಕಾಗದದಲ್ಲಿ ಇದನ್ನೇ ಇಂಗ್ಲಿಷಿನಲ್ಲಿ, ಸಹಿ ಶಿಕ್ಕಾ ಸಮೇತ ಬರೆಯುತ್ತಾರೆ. ಎರಡರ ಅರ್ಥ ಒಂದೇ: ರೋಗಿ ನಿಮ್ಮ ಮನೆಯವನು, ನೀವೇ ನೋಡಿಕೊಳ್ಳಿರಿ. ಈ ಮಾತು ತಪ್ಪು ಎಂದು ಹೇಳಲಿಕ್ಕೆ ನಾನು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ 31 ವರ್ಷ ಕಲಿಸಿ ನಿವೃತ್ತಳಾದವಳು. ಈಗ ನನಗೆ 64 ವರ್ಷ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಹಿರಿಯ ಮಗ 2008ರಲ್ಲಿ ಸೈನ್ಯಕ್ಕೆ ಸೇರಿದ. ಒಂಬತ್ತು ವರ್ಷ ದುಡಿದ ಮೇಲೆ 2017ರಲ್ಲಿ ಅವನನ್ನು ವೈದ್ಯಕೀಯ ಕಾರಣ ಕೊಟ್ಟು ಮನೆಗೆ ಕಳಿಸಿದರು. ರೋಗದ ಹೆಸರು ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸೊಂಟದ, ತೊಡೆಯ, ಭುಜದ ಸ್ನಾಯುಗಳು ವರ್ಷ ವರ್ಷಕ್ಕೆ ಸೊರಗುವ ರೋಗ. ಇದನ್ನು ಗುಣ ಮಾಡುವ ಔಷಧ ಇಲ್ಲ. ಇವತ್ತು ಅವನು ಗಾಲಿ ಕುರ್ಚಿಯಲ್ಲಿದ್ದಾನೆ. ಏಳಿಸುವುದು, ಜಳಕ ಮಾಡಿಸುವುದು, ರಾತ್ರಿ ಎರಡು ಸಲ ಮಗ್ಗಲು ಹೊರಳಿಸುವುದು ನನ್ನ ಕೆಲಸ.

ಈ ಲೇಖನ ಅವನೂ ಓದಿದ್ದಾನೆ. "ಅವ್ವಾ, ನನ್ನ ನೋಡಿ ಮಂದಿ ಅಳೂ ಹಂಗ ಬರೀಬ್ಯಾಡ. ಲೆಕ್ಕ ಕೇಳೂ ಹಂಗ ಬರಿ" ಅಂದ. ಹಾಗಾಗಿ ಲೆಕ್ಕವನ್ನೇ ಕೇಳುತ್ತೇನೆ.

ಮೊದಲನೆಯ ಲೆಕ್ಕ ಸರ್ಕಾರದ್ದು. ಭರತಿಯ ದಿನ ನನ್ನ ಮಗನನ್ನು 1600 ಮೀಟರ್ ಓಡಿಸಿದರು, ಬೀಮಿಗೆ ಜೋತುಬೀಳಿಸಿದರು, ಹಳ್ಳ ಹಾರಿಸಿದರು. ಕಣ್ಣು, ಕಿವಿ, ಎದೆ, ಮೊಣಕಾಲು, ಅಂಗಾಲು ಎಲ್ಲ ನೋಡಿ "ಫಿಟ್" ಎಂದು ಬರೆದರು. ಅವರು ನೋಡಿದ್ದು ಸುಳ್ಳಲ್ಲ. ಸ್ನಾಯು ದುಡಿಯುವಾಗ ಅದರ ಎಳೆಗಳ ಹೊರಪದರ ಸಣ್ಣಗೆ ಹರಿಯುತ್ತದೆ. ಡಿಸ್ಫರ್ಲಿನ್ ಎಂಬ ಪ್ರೋಟೀನು ಆ ಹರಕಿಗೆ ತೇಪೆ ಹಚ್ಚುತ್ತದೆ. ನನ್ನ ಮಗನಿಗೆ ಇರುವ ಬಗೆಯಲ್ಲಿ ಆ ಪ್ರೋಟೀನಿನ ಕೊರತೆ. ಇದು ಸಾಮಾನ್ಯವಾಗಿ ಹದಿಹರೆಯದ ಕೊನೆಗೆ ಇಲ್ಲವೆ ಇಪ್ಪತ್ತರ ನಂತರ ತಲೆ ಎತ್ತುತ್ತದೆ. ಅಲ್ಲಿಯವರೆಗೆ ಹುಡುಗ ಎಲ್ಲರಂತೆ, ಎಷ್ಟೋ ಸಲ ಎಲ್ಲರಿಗಿಂತ ಮುಂದೆ, ಓಡುತ್ತಾನೆ.

ಈ ರೋಗ ಗೊತ್ತಾದವರಿಗೆ ಡಾಕ್ಟರು ಕೊಡುವ ಬುದ್ಧಿಮಾತು ಏನು? ಭಾರ ಎತ್ತಬೇಡ, ಮೈ ಮುರಿಯುವಷ್ಟು ಓಡಬೇಡ. ಸೈನ್ಯದಲ್ಲಿ ಒಂಬತ್ತು ವರ್ಷ ಅವನು ಮಾಡಿದ್ದೇನು? ಭಾರ ಹೊತ್ತು ಗುಡ್ಡ ಹತ್ತಿದ್ದು, ಇಳಿದದ್ದು. ಅದನ್ನು ತಾನಾಗಿ ಮಾಡಲಿಲ್ಲ, ಹುಕುಂ ಪ್ರಕಾರ ಮಾಡಿದ. ಮೆಟ್ಟಿಲು ಹತ್ತಲು ಕಷ್ಟ ಎಂದಾಗಲೂ ಮೊದಲ ವರ್ಷ ಮೈಗಳ್ಳತನ ಅಂದರು.

ನಮ್ಮ ರೈತರಿಗೆ ತಿಳಿಯುವ ಹಾಗೆ ಹೇಳುತ್ತೇನೆ. ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಒಂಬತ್ತು ವರ್ಷ ಉಳುಮೆ ಮಾಡಿಸುತ್ತೀರಿ. ಕಾಲು ಸೋತ ಮೇಲೆ ಮಾರಿದವನ ಮನೆ ಮುಂದೆ ಕಟ್ಟಿ "ಇದರ ತಳಿಯೇ ಸರಿ ಇಲ್ಲ" ಎಂದರೆ ಪಂಚರು ಒಪ್ಪುತ್ತಾರೆಯೆ? ಎತ್ತಿಗೆ ಒಪ್ಪದ ನ್ಯಾಯವನ್ನು ಮನುಷ್ಯನಿಗೆ ಹೇಗೆ ಒಪ್ಪಿಕೊಂಡಿರಿ?

ಕಾನೂನು ಕೂಡ ಬರೀ "ರಕ್ತದ್ದೋ ಅಲ್ಲವೋ" ಎಂದು ಕೇಳುವುದಿಲ್ಲ. ಅಂಗವಿಕಲ ಪಿಂಚಣಿಗೆ ಎರಡು ಪ್ರಶ್ನೆಗಳಿವೆ: ರೋಗ ಸೇವೆಯಿಂದ ಬಂತೇ? ಇಲ್ಲವೆ ಸೇವೆಯಿಂದ ಹೆಚ್ಚಾಯಿತೇ? ಒಂದಕ್ಕೆ "ಹೌದು" ಬಂದರೂ ಸಾಕು. ನಮ್ಮ ಕಾಗದದಲ್ಲಿ ಮೊದಲನೆಯದಕ್ಕೆ "ಇಲ್ಲ, ಅನುವಂಶಿಕ" ಎಂದು ಕಾರಣ ಬರೆದಿದ್ದಾರೆ. ಎರಡನೆಯದಕ್ಕೂ "ಇಲ್ಲ" ಎಂದಿದ್ದಾರೆ, ಕಾರಣ ಮಾತ್ರ ಬರೆದಿಲ್ಲ. ನನ್ನ ಜಗಳ ಇರುವುದು ಆ ಖಾಲಿ ಜಾಗದ ಮೇಲೆ.

ಇಂಥ ಜಗಳ ಹೊಸದಲ್ಲ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸೇರಿ, 1994ರಲ್ಲಿ ಮೂರ್ಛೆರೋಗದ ಕಾರಣ ಮನೆಗೆ ಬಂದರು. ಅವರದೂ ಒಂಬತ್ತು ವರ್ಷದ ಸೇವೆ. ಅವರಿಗೂ ಸೇವೆಗೂ ರೋಗಕ್ಕೂ ಸಂಬಂಧವಿಲ್ಲ ಎಂದೇ ಹೇಳಿದ್ದರು. 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಸೇರುವಾಗ ರೋಗದ ಟಿಪ್ಪಣಿ ಇಲ್ಲದಿದ್ದರೆ ಆಗ ಮನುಷ್ಯ ಆರೋಗ್ಯವಂತನಾಗಿದ್ದ ಎಂದೇ ತಿಳಿಯಬೇಕು. ಅಲ್ಲ ಎನ್ನುವವರು ಕಾರಣ ಬರೆಯಬೇಕು. ಸಂಬಂಧವಿದೆ ಎಂದು ತೋರಿಸುವ ಹೊಣೆ ಸಿಪಾಯಿಯ ಮೇಲಿಲ್ಲ. ತೀರ್ಪಿನ ತಿರುಳು ಇದು.

ಹಾಗಂತ ಕೋರ್ಟಿಗೆ ಹೋದವರೆಲ್ಲ ಗೆದ್ದರು ಎಂದು ನಾನು ಹೇಳುವುದಿಲ್ಲ. 2019ರಲ್ಲಿ ನರಸಿಂಗ್ ಯಾದವ್ ಅವರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಭರತಿಯ ದಿನ ಕಾಣಿಸದ ಮಾನಸಿಕ ರೋಗ ಆಮೇಲೆ ಕಾಣಿಸಿತು ಎಂದ ಮಾತ್ರಕ್ಕೆ ಅದು ಸೇವೆಯಿಂದ ಬಂದದ್ದಾಗುವುದಿಲ್ಲ ಎಂದು ಪಿಂಚಣಿ ನಿರಾಕರಿಸಿತು. ಸರಿ, ಒಪ್ಪೋಣ. ಆದರೆ "ಹೆಚ್ಚಾಯಿತೇ" ಎಂಬ ಪ್ರಶ್ನೆಗೆ ಪ್ರತಿಯೊಬ್ಬನ ವಿಷಯದಲ್ಲೂ ಕಾರಣ ಸಹಿತ ಉತ್ತರ ಬರಬೇಕು. ನಾನು ಕೇಳುವುದು ಆ ಉತ್ತರವನ್ನು.

ಆ ಒಂದು "ಇಲ್ಲ"ದಿಂದ ಏನೇನು ಹೋಯಿತು ನೋಡಿರಿ. ಅಂಗವಿಕಲ ಪಿಂಚಣಿ ಹೋಯಿತು. ಸೇವೆಗೆ ಸಂಬಂಧವಿಲ್ಲದ ರೋಗಕ್ಕೆ ಇನ್‌ವ್ಯಾಲಿಡ್ ಪೆನ್ಶನ್ ಬೇಕಾದರೆ ಹತ್ತು ವರ್ಷ ಆಗಿರಬೇಕಿತ್ತು, ಅವನದು ಒಂಬತ್ತು. 2020ರ ಜುಲೈದಲ್ಲಿ ಸರ್ಕಾರ ಆ ಹತ್ತು ವರ್ಷದ ಷರತ್ತು ಸಡಿಲಿಸಿತು, ಆದರೆ 2019ರ ಜನವರಿ 4ರಂದು ಅಥವಾ ಅದರ ನಂತರ ಸೇವೆಯಲ್ಲಿದ್ದವರಿಗೆ ಮಾತ್ರ. 2017ರ ಕಾಲು 2019ರ ಕಾಲಿಗಿಂತ ಗಟ್ಟಿಯೇನು? ಪಿಂಚಣಿ ಇಲ್ಲದ್ದರಿಂದ ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯವೂ ಇಲ್ಲ. ಪೂರ್ಣ ಅಂಗವಿಕಲನಾದ ಯೋಧನನ್ನು ಸದಾ ನೋಡಿಕೊಳ್ಳಲು ಒಬ್ಬರು ಬೇಕೆಂದರೆ ಪಿಂಚಣಿಯ ಜೊತೆ ಒಂದು ಭತ್ಯೆ ಇದೆ. ಅಂದರೆ ನಾನು ಮಾಡುವ ಕೆಲಸಕ್ಕೆ ದುಡ್ಡಿನ ಬೆಲೆ ಇದೆ ಎಂದು ಸರ್ಕಾರವೇ ಒಪ್ಪಿದೆ. ಆದರೆ ಮೂಲ ಪಿಂಚಣಿ ಇಲ್ಲದಲ್ಲಿ ಭತ್ಯೆ ಎಲ್ಲಿಯದು? ಎಲ್ಲಕ್ಕಿಂತ ಕೊನೆಯದು ಕೇಳಿರಿ: ಪಿಂಚಣಿ ಇಲ್ಲದೆ ಹೀಗೆ ಬಂದವನು ಸರ್ಕಾರದ ವ್ಯಾಖ್ಯೆಯಲ್ಲಿ "ಮಾಜಿ ಸೈನಿಕ"ನ ಲೆಕ್ಕಕ್ಕೂ ಬರುವುದಿಲ್ಲ. ಆಗಸ್ಟ್ 15ಕ್ಕೆ ನೀವು ಯಾರಿಗೆ ಶಾಲು ಹೊದಿಸುತ್ತೀರೋ, ಅವನು ಕಾಗದದಲ್ಲಿ ಯಾರೂ ಅಲ್ಲ.

"ಅಕ್ಕೋರ, ಎಲ್ಲಾ ರೋಗಕ್ಕೂ ಸರ್ಕಾರ ರೊಕ್ಕಾ ಕೊಟ್ಟರ ಖಜಾನಿ ಉಳಿತದೇನ್ರಿ?" ಎಂದು ಒಬ್ಬ ಗುರುಗಳು ಕೇಳಿದರು. ಎಲ್ಲ ರೋಗಕ್ಕೂ ಕೊಡಿರಿ ಎಂದು ನಾನು ಕೇಳಲಿಲ್ಲ. ದುಡಿಸಿಕೊಂಡ ಮೈಗೆ ಕೊಡಿರಿ ಎನ್ನುತ್ತೇನೆ. ನಾನು ಖಡು ಹಿಡಿದು ಬೋರ್ಡಿನ ಮೇಲೆ ಬರೆದದ್ದಕ್ಕೆ ನನಗೆ ಪಿಂಚಣಿ ಬರುತ್ತದೆ. ನನಗೆ ನಾಳೆ ಯಾವ ರೋಗ ಬಂದರೂ ಅದು ಯಾರ ರಕ್ತದಿಂದ ಬಂತೆಂದು ಯಾರೂ ಕೇಳುವುದಿಲ್ಲ. ಇವತ್ತು ನಮ್ಮಿಬ್ಬರ ಒಲೆ ಉರಿಯುವುದು ಈ ಪಿಂಚಣಿಯಿಂದ. ನಾನು ಸತ್ತ ದಿನ ಏನಾಗುತ್ತದೆ ಎಂಬ ಲೆಕ್ಕ ಗುರುಗಳೇ ಮಾಡಲಿ.

ಎರಡನೆಯ ಲೆಕ್ಕ ಊರಿನದು. ಮಗನ ರೋಗ ತಿಳಿದ ಮೇಲೆ ಊರಲ್ಲಿ ಹಬ್ಬಿದ ಮಾತು "ತಾಯಿ ಕಡೀದಂತ." ಈ ರೋಗದಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿ ಸೇರಿದರೆ ಮಾತ್ರ ಮಗುವಿಗೆ ರೋಗ. ಒಂದೇ ಪ್ರತಿ ಇದ್ದವರಿಗೆ ರೋಗ ಇರುವುದಿಲ್ಲ. ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಸಂಭವ. ಅದು ಶಾಪವೂ ಅಲ್ಲ, ಹಿಂದಿನ ಜನ್ಮದ್ದೂ ಅಲ್ಲ. ಒಳಗಿನ ಸಂಬಂಧದಲ್ಲಿ ಮದುವೆಯಾದರೆ ಒಂದೇ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇದನ್ನು ವಿಜ್ಞಾನದ ಪಾಠದಲ್ಲಿ ಬಿಡಿಸಿ ಹೇಳಿರಿ, ಒಳ್ಳೆಯದು. ಆದರೆ ಅದೇ ಪಾಠವನ್ನು ನನ್ನ ಮಗಳ ಸಂಬಂಧ ಮುರಿಯಲಿಕ್ಕೆ ಬಳಸಬೇಡಿರಿ. ಅರ್ಧ ತಿಳಿದ ವಿಜ್ಞಾನಕ್ಕೆ ಹೆದರಿ ಎರಡು ಕಡೆಯವರು ಹಿಂದೆ ಸರಿದರು. ಅವಳು ಪೂರ್ಣ ಆರೋಗ್ಯವಂತೆ.

ಇನ್ನೊಂದು ಮಾತು ನನಗೆ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ: "ತಾಯಿ ಮಾಡಿದಂಗ ಯಾರೂ ಮಾಡಾಂಗಿಲ್ಲ ಬಿಡ್ರಿ." ಹೊಗಳಿಕೆಯ ಮಾತು ಇದು, ಆದರೆ ಹೇಳಿದವರು ಆ ಮೇಲೆ ಎದ್ದು ತಮ್ಮ ಮನೆಗೆ ಹೋಗುತ್ತಾರೆ. ನನಗೆ ಬೆನ್ನು ನೋವು. ಮಗನ ತೂಕ 58 ಕಿಲೊ. ತಾಯ್ತನದಿಂದ 58 ಕಿಲೊ ಏಳುವುದಿಲ್ಲ, ಅದಕ್ಕೆ ಎರಡು ಕೈ ಹೆಚ್ಚಿಗೆ ಬೇಕು. ನನ್ನನ್ನು ದೇವರ ಪಟ್ಟಕ್ಕೆ ಏರಿಸಬೇಡಿರಿ. ಬೆಳಿಗ್ಗೆ ಹತ್ತು ನಿಮಿಷ ಒಬ್ಬ ಹುಡುಗನನ್ನು ಕಳಿಸಿರಿ.

ಮೂರನೆಯದು ಭಾಷೆಯ ಲೆಕ್ಕ, ಗಡಿಯಲ್ಲಿ ಇರುವ ನಾವೇ ತಿಳಿಯಬೇಕಾದದ್ದು. ಮಂಡಳಿಯ ಕಾಗದ ಇಂಗ್ಲಿಷಿನಲ್ಲಿ, ಜಿಲ್ಲೆಯ ಕಚೇರಿಯ ವ್ಯವಹಾರ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಅವನ ಕಾಗದ ನಾನು ಪದಕೋಶ ಹಿಡಿದು ಓದಿದೆ. ಆರು ತಿಂಗಳು ಬೇಕಾಯಿತು. ಓದು ಬರಹ ಬಾರದ ತಾಯಿ ಏನು ಮಾಡಬೇಕು? ಅವಳು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಾಳೆ. ಅವಳ ಆ ಮೌನವನ್ನೇ ಸಮ್ಮತಿ ಎಂದು ಹಿಡಿಯುತ್ತಾರೆ.

ಆದ್ದರಿಂದ ಈ ವಾಚನಾಲಯದವರಿಗೂ ಗುರುಗಳಿಗೂ ನನ್ನ ಬೇಡಿಕೆ ಸಣ್ಣದು, ಮಾಡಬರುವಂಥದ್ದು.

ಒಂದು: ಸೈನ್ಯಕ್ಕೆ ಹೋಗುವ ಪ್ರತಿ ಹುಡುಗನ ಶಾಲೆಯ ಆಟೋಟದ ಪ್ರಮಾಣಪತ್ರ, ಭರತಿಯ ಕಾಗದ, ಆಮೇಲಿನ ಪ್ರತಿ ಆಸ್ಪತ್ರೆ ಚೀಟಿಯ ನಕಲು ಇಲ್ಲಿಯ ಕಪಾಟಿನಲ್ಲಿ ಇರಲಿ. ಹೋಗುವಾಗ ಗಟ್ಟಿಯಿದ್ದ ಎನ್ನಲು ಅದೇ ಸಾಕ್ಷಿ.

ಎರಡು: ವೈದ್ಯಕೀಯ ಕಾರಣದಿಂದ ಯಾರಾದರೂ ಮರಳಿದರೆ ಮಂಡಳಿಯ ನಡಾವಳಿಯ ನಕಲು ಕೇಳಿ ಪಡೆಯಿರಿ. "ಸೇವೆಯಿಂದ ಹೆಚ್ಚಾಗಿಲ್ಲ" ಎಂದಿದ್ದರೆ ಕಾರಣ ಕೇಳಿ ಮೇಲ್ಮನವಿ ಹಾಕಿರಿ. ಅಲ್ಲಿ ಆಗದಿದ್ದರೆ 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅದರ ಒಂದು ಪೀಠ ಮುಂಬೈಯಲ್ಲಿದೆ. ತಡ ಮಾಡಬೇಡಿರಿ. ತಡವಾಗಿ ಗೆದ್ದರೆ ಬಾಕಿ ಸಾಮಾನ್ಯವಾಗಿ ಹಿಂದಿನ 3 ವರ್ಷಕ್ಕೆ ಮಾತ್ರ ಸಿಗುತ್ತದೆ. ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪಟ್ಟಿಯಲ್ಲಿದೆ. ಆ ಗುರುತಿನ ಚೀಟಿಯನ್ನಾದರೂ ಕೂಡಲೇ ಮಾಡಿಸಿರಿ.

ಮೂರು: ಪ್ರತಿ ಭಾನುವಾರ ಇಂಗ್ಲಿಷ್, ಮರಾಠಿ ಬಲ್ಲ ಒಬ್ಬ ಗುರುಗಳು ಇಲ್ಲಿ ಒಂದು ತಾಸು ಕೂಡ್ರಲಿ. ಯಾರ ಮನೆಯ ಕಾಗದವೇ ಇರಲಿ, ಓದಿ ಕನ್ನಡದಲ್ಲಿ ಹೇಳಲಿ.

ನಮ್ಮ ಮೇಲ್ಮನವಿ ಒಂದು ಸಲ ತಿರಸ್ಕಾರವಾಗಿದೆ. ಎರಡನೆಯದನ್ನು ಮಗ ತಾನೇ ಬರೆಸುತ್ತಿದ್ದಾನೆ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಇಂಗ್ಲಿಷ್ ತಿದ್ದಲು ಒಬ್ಬರು ಬೇಕು. ಬರುವ ಭಾನುವಾರದಿಂದಲೇ ಶುರು ಮಾಡಿದರೆ ಮೊದಲ ಕಾಗದ ನಮ್ಮ ಮನೆಯದೇ ಇರಲಿ.