ದನಗಳನ್ನು ಅಟ್ಟಿ ತಂದವರು ಯಾರು?

ರೋಮ್‌ನಲ್ಲಿ ನೆಲೆಸಿದ್ದ ಚಿತ್ರಕಾರ ಕ್ಲಾಡ್ ಲೊರೇನ್ 1634ರಲ್ಲಿ ಮಾಡಿದ ಒಂದು ಚಿಕ್ಕ ಎಚಿಂಗ್ ಇದೆ. ತಾಮ್ರದ ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀಚಿ, ಗೀಚಿದ ಗೆರೆಗಳನ್ನು ಆಮ್ಲದಿಂದ ಕೊರೆಯಿಸಿ ಅಚ್ಚೊತ್ತಿದ ಚಿತ್ರ. ಕಡಲತೀರ, ಮರಗಳು, ದನಗಳ ಮಂದೆ, ಆಚೆಗೆ ಹಡಗುಗಳು. ಗೂಳಿಯೊಂದರ ಬೆನ್ನ ಮೇಲೆ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಗೆಳತಿಯರು. ಇಂಥ ಚಿತ್ರದ ಮುಂದೆ ನಿಂತ ರಸಿಕರ ಬಾಯಲ್ಲಿ ಬರುವ ಮಾತು ಹೆಚ್ಚಾಗಿ ಒಂದೇ: ಎಂಥ ಪ್ರಶಾಂತತೆ! ಬೆಳಕು ಮತ್ತು ಕಡಲೇ ಇಲ್ಲಿನ ನಿಜವಾದ ವಸ್ತು, ಹುಡುಗಿ ಬರೀ ನೆಪವಂತೆ.

ನಾವು ಇದನ್ನು ಒಪ್ಪುವುದಿಲ್ಲ. ಚಿತ್ರದ ಹೆಸರು 'ಯುರೋಪಾಳ ಅಪಹರಣ'.

ಕಥೆಯನ್ನು ರೋಮನ್ ಕವಿ ಓವಿಡ್ ತನ್ನ 'ಮೆಟಮಾರ್ಫಸೀಸ್'ನ ಎರಡನೆಯ ಭಾಗದ ಕೊನೆಯಲ್ಲಿ ಹೇಳಿದ್ದಾನೆ. ಯುರೋಪಾ ಟೈರ್ ಪಟ್ಟಣದ ರಾಜಕುಮಾರಿ. ಇಂದು ಅದು ಲೆಬನಾನಿನ ಸೂರ್. ಅವಳ ಮೇಲೆ ಕಣ್ಣು ಹಾಕಿದ ದೇವರಾಜ ಜುಪಿಟರ್ ತನ್ನ ದೂತ ಮರ್ಕ್ಯುರಿಯನ್ನು ಕರೆದು, ಬೆಟ್ಟದಲ್ಲಿ ಮೇಯುತ್ತಿರುವ ಅರಸನ ದನಗಳನ್ನು ಕಡಲದಂಡೆಗೆ ಅಟ್ಟೆಂದು ಅಪ್ಪಣೆ ಕೊಡುತ್ತಾನೆ. ಕಾರಣ ಹೇಳುವುದಿಲ್ಲ. ಹುಡುಗಿ ಗೆಳತಿಯರೊಡನೆ ಆಡುವ ಜಾಗ ಅದು. ಆಮೇಲೆ ತಾನೇ ಬಿಳಿ ಗೂಳಿಯಾಗಿ ಆ ಮಂದೆಯಲ್ಲಿ ಸೇರಿಕೊಳ್ಳುತ್ತಾನೆ. ಮೊದಲು ಹೆದರಿದ ಹುಡುಗಿ ಮೆಲ್ಲಗೆ ಹತ್ತಿರ ಬಂದು ಹೂ ಒಡ್ಡುತ್ತಾಳೆ, ಕೊಂಬಿಗೆ ಮಾಲೆ ಸುತ್ತುತ್ತಾಳೆ, ಬೆನ್ನೇರುತ್ತಾಳೆ. ಗೂಳಿ ನೀರಿಗೆ ಕಾಲಿಡುತ್ತದೆ. ಗೋಮುಖವ್ಯಾಘ್ರ ಎಂಬ ನಮ್ಮ ಮಾತು ಇವನಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ!

ಹಾಗಾದರೆ ಕ್ಲಾಡನ ಚಿತ್ರದ ದನಗಳು ಯಾವುವು? ನಿಸರ್ಗದ ಅಲಂಕಾರವೆ? ಅವು ಸಂಚಿನ ಅಂಗ. ಅವನ್ನು ಅಲ್ಲಿಗೆ ಅಟ್ಟಿ ತಂದಿರುವುದೇ ಗೂಳಿ ಗುರುತು ಸಿಗದಂತೆ ನಿಲ್ಲಲಿ ಎಂದು. ಹುಡುಗಿಯ ಅಂಜಿಕೆ ಬಿಡಿಸಲು ಬೇಕಾದದ್ದು ಈ ಪ್ರಶಾಂತತೆಯೇ. ಟಿಶಿಯನ್ ಇದೇ ಕಥೆಯನ್ನು ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನಿಗಾಗಿ ಚಿತ್ರಿಸಿದಾಗ (1559-62) ಗೂಳಿ ಆಗಲೇ ಕಡಲಲ್ಲಿತ್ತು. ಹುಡುಗಿ ಆಯತಪ್ಪಿ ಹೊರಳಿದ್ದಳು. ಕ್ಲಾಡ್ ಆಯ್ದುಕೊಂಡದ್ದು ದಂಡೆ ಬಿಡುವ ಮುಂಚಿನ ಗಳಿಗೆಯನ್ನು.

'ರೇಪ್' ಎಂಬ ಶೀರ್ಷಿಕೆಯ ಪದಕ್ಕೆ ಲ್ಯಾಟಿನ್ ಮೂಲದಲ್ಲಿ ಎತ್ತಿಕೊಂಡು ಹೋಗುವುದು ಎಂದಷ್ಟೇ ಅರ್ಥ ಎಂದು ಪಂಡಿತರು ತಿದ್ದುತ್ತಾರೆ. ಸರಿ, ಒಪ್ಪಿದೆವು. ಎತ್ತಿಕೊಂಡು ಹೋದದ್ದು ಅವಳನ್ನು ಕೇಳಿಯೆ? ಹದಿನಾಲ್ಕನೆಯ ಶತಮಾನದ ಫ್ರೆಂಚ್ ವ್ಯಾಖ್ಯಾನಕಾರರು ಇನ್ನೂ ಮುಂದೆ ಹೋಗಿ, ಗೂಳಿಯೆಂದರೆ ಕ್ರಿಸ್ತ, ಹುಡುಗಿಯೆಂದರೆ ಆತ್ಮ ಎಂದುಬಿಟ್ಟಿದ್ದರು. ಯುರೋಪ್ ಎಂಬ ಹೆಸರೇ ನಮ್ಮ ಪೂರ್ವದಿಂದ ಕದ್ದ ಹೆಣ್ಣಿನದು ಎಂದು ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವವರೂ ಇದ್ದಾರೆ. ಅವರಿಗೂ ಅವಳು ನೆಪವೇ.

ಓವಿಡ್‌ನ ಆರನೆಯ ಭಾಗದಲ್ಲಿ ಅರಾಕ್ನೆ ಎಂಬ ನೇಕಾರ ಹೆಣ್ಣು ಇದೇ ದೃಶ್ಯವನ್ನು ಮಗ್ಗದಲ್ಲಿ ನೇಯುತ್ತಾಳೆ. ಅವಳ ಬಟ್ಟೆಯಲ್ಲಿ ಯುರೋಪಾ ಬಿಟ್ಟುಬಂದ ನೆಲದತ್ತ ತಿರುಗಿ ನೋಡುತ್ತಿದ್ದಾಳೆ, ಗೆಳತಿಯರನ್ನು ಕೂಗುತ್ತಿದ್ದಾಳೆ, ನೀರು ತಾಕೀತೆಂದು ಹೆದರಿ ಪಾದಗಳನ್ನು ಮೇಲಕ್ಕೆ ಎಳೆದುಕೊಂಡಿದ್ದಾಳೆ. ನೇಯ್ಗೆಯಲ್ಲಿ ಒಂದು ತಪ್ಪೂ ಸಿಗದೆ ಮಿನರ್ವ ದೇವಿ ಬಟ್ಟೆಯನ್ನು ಹರಿದು, ಲಾಳಿಯಿಂದ ಅವಳ ಹಣೆಗೆ ಹೊಡೆಯುತ್ತಾಳೆ. ಕ್ಲಾಡನ ತಗಡಿನಲ್ಲಿ ಆ ಗೆಳತಿಯರು ಇನ್ನೂ ಕೈಗೆಟುಕುವಷ್ಟು ಹತ್ತಿರ ಇದ್ದಾರೆ.