ಕಡೇಚೂರು ಯಾರ ಉಪನಗರ?

ಕಡೇಚೂರು ಇನ್ನೇನು ಯಾದಗಿರಿಯ ಉಪನಗರವಾಗಿಬಿಡುತ್ತದೆ ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡವರ ಬಾಯಿಂದ ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಅದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಉಪನಗರವೆಂದರೆ ಏನು? ಕಾರ್ಖಾನೆಯ ಚಿಮಣಿ ಇದ್ದಲ್ಲೆಲ್ಲ ನಗರ ಹುಟ್ಟುವುದಿಲ್ಲ. ಹಗಲು ದುಡಿದವರು ರಾತ್ರಿ ಹೆಂಡಿರು ಮಕ್ಕಳೊಂದಿಗೆ ಮಲಗುವ ಜಾಗ, ಬೆಳಗಾದರೆ ಮಕ್ಕಳು ಶಾಲೆಗೆ ನಡೆದು ಹೋಗುವ ಜಾಗ, ಅದು ಉಪನಗರ. ಈ ಅಳತೆಗೋಲು ಹಿಡಿದು ನೋಡಿದರೆ ಕಡೇಚೂರಿಗೆ ಆ ಹೆಸರು ಇನ್ನೂ ಸಲ್ಲದು.

ನಡೆದದ್ದಿಷ್ಟು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಕೆಲವೇ ವರ್ಷಗಳಲ್ಲಿ ಕಡೇಚೂರು, ಬಾಡಿಯಾಳದ ಸುತ್ತ 3,000 ಎಕರೆಗೂ ಮಿಕ್ಕಿ ಹೊಲಗಳನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ವಶಪಡಿಸಿಕೊಂಡಿತು. ತೊಗರಿ, ಹತ್ತಿ ಬೆಳೆಯುತ್ತಿದ್ದಲ್ಲಿ ಅಗಲವಾದ ರಸ್ತೆಗಳೆದ್ದವು, ದೀಪದ ಕಂಬಗಳೆದ್ದವು. 2017ರಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಆರಂಭವಾಯಿತು. (ಬೋಗಿ ಎಂದರೆ ನಮ್ಮ ಜನರಿಗೆ ರೈಲಿನ ಡಬ್ಬಿ. ಅಲ್ಲಿ ಆಗುವುದು ಡಬ್ಬಿಯಲ್ಲ, ಅದರಡಿಯಲ್ಲಿ ಗಾಲಿಗಳನ್ನು ಹಿಡಿದಿಡುವ ಚೌಕಟ್ಟು. ನಿರೀಕ್ಷೆಯ ಗಾತ್ರ ಅಲ್ಲಿಯೇ ಅರ್ಧವಾಯಿತೆನ್ನಬೇಕು.) ಅದರ ಬೆನ್ನಿಗೆ ರಾಸಾಯನಿಕ ಮತ್ತು ಔಷಧಿ ಕಾರ್ಖಾನೆಗಳು ಸಾಲುಗಟ್ಟಿದವು. ಜೊತೆಗೆ ಬಂದದ್ದು ವಾಸನೆ. ಅದನ್ನು ಕುರಿತು ಸುತ್ತಲಿನ ಹಳ್ಳಿಗಳವರು ಅರ್ಜಿ ಕೊಟ್ಟರು, ಪ್ರತಿಭಟಿಸಿದರು, ಪತ್ರಿಕೆಗಳು ಬರೆದವು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹೊಲ ಕೊಟ್ಟು ನಾತ ತಗೊಂಡರು.

ಹೊಸ ಊರು ಕಟ್ಟುವ ವಿದ್ಯೆ ಈ ಸೀಮೆಗೆ ತಿಳಿಯದ್ದೇನಲ್ಲ. ಶಹಾಪುರದ ಪಕ್ಕದ ಭೀಮರಾಯನಗುಡಿಯನ್ನೇ ನೋಡಿ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಮೇಲೆ, ಕಾಲುವೆಯ ಕೆಲಸಕ್ಕೆಂದು ಎದ್ದ ಕ್ಯಾಂಪು ಅದು. ಸರ್ಕಾರ ಅಲ್ಲಿ ಕಚೇರಿ ಮಾತ್ರ ಕಟ್ಟಲಿಲ್ಲ. ಇಂಜಿನಿಯರಿಗೂ ಗುಮಾಸ್ತನಿಗೂ ಮನೆ ಕಟ್ಟಿತು, ಶಾಲೆ ದವಾಖಾನೆಗಳನ್ನು ತಂದಿತು, ಗಿಡ ನೆಟ್ಟಿತು. ಇಂದು ಅಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಜನ ಪ್ರೀತಿಯಿಂದ ಬಿ.ಗುಡಿ ಎನ್ನುತ್ತಾರೆ. ಆ ಕ್ಯಾಂಪಿನಲ್ಲಿ ಸಮಾನತೆ ತಾಂಡವವಾಡುತ್ತಿತ್ತೆಂದು ನಾನು ಹೇಳಲಾರೆ. ದರ್ಜೆಗೆ ತಕ್ಕಂತೆ ಮನೆ, ದರ್ಜೆಗೆ ತಕ್ಕಂತೆ ಅಂಗಳ. ಮಣ್ಣು ಹೊತ್ತವರಿಗೆ ಎರಡೂ ಇಲ್ಲ. ಆದರೂ, ದುಡಿಯುವವನು ಎಲ್ಲಿ ಮಲಗಬೇಕೆಂಬ ಪ್ರಶ್ನೆಯನ್ನು ಅಲ್ಲಿ ಯಾರೋ ಕೇಳಿದ್ದರು. ಹಟ್ಟಿಯ ಚಿನ್ನದ ಗಣಿಯ ಕ್ಯಾಂಪಿನಲ್ಲಿ, ವಾಡಿಯ ಸಿಮೆಂಟು ಕಾರ್ಖಾನೆಯ ಕಾಲೊನಿಯಲ್ಲಿ, ದೂರದ ಭದ್ರಾವತಿಯ ನ್ಯೂ ಟೌನಿನಲ್ಲಿ ಕೂಡ ಕೇಳಿದ್ದರು.

ಕಡೇಚೂರಿನಲ್ಲಿ ಈ ಪ್ರಶ್ನೆಯನ್ನು ಭೂಮಿಯ ದಲ್ಲಾಳಿಗಳಿಗೆ ಬಿಟ್ಟುಕೊಡಲಾಗಿದೆ. ರಸ್ತೆಯ ಬದಿಗೆ ಕಲ್ಲು ನೆಟ್ಟು, ಸುಣ್ಣ ಬಳಿದು, ದೇವರ ಹೆಸರಿನದೊಂದು ಬೋರ್ಡು ನಿಲ್ಲಿಸಿದರೆ ಬಡಾವಣೆ ಸಿದ್ಧ. ಪ್ಲಾಟು ಕೊಂಡವನಿಗೆ ಮನೆ ಕಟ್ಟುವ ಇಚ್ಛೆಯಿಲ್ಲ. ಬೆಲೆ ಏರಲೆಂದು ಕಾದಿದ್ದಾನೆ. ಪರಊರಿನಿಂದ ಬಂದ ಕಾರ್ಮಿಕ ಸೈದಾಪುರದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ನಾಲ್ಕೈದು ಜನರ ನಡುವೆ ಮಲಗುತ್ತಾನೆ. ಮೇಲಿನ ಅಧಿಕಾರಿ ಸಂಜೆ ಕಾರು ಹತ್ತಿ ಯಾದಗಿರಿಗೋ ರಾಯಚೂರಿಗೋ ಹೊರಡುತ್ತಾನೆ. ಹೊಲ ಕೊಟ್ಟ ಮನೆಯ ಹುಡುಗನೋ? ಅವನು ಬೆಂಗಳೂರಿಗೆ ಗುಳೆ ಹೋಗಿ ಬೇರೆಯವರ ಉಪನಗರಕ್ಕೆ ಇಟ್ಟಿಗೆ ಹೊರುತ್ತಿದ್ದಾನೆ. ಸಂವಿಧಾನದ 371(ಜೆ) ವಿಧಿ ಅವನಿಗೆ ಸರ್ಕಾರಿ ನೌಕರಿಯಲ್ಲಿ, ಕಾಲೇಜಿನ ಸೀಟಿನಲ್ಲಿ ಪಾಲು ಕೊಡುತ್ತದೆ. ಕಂಪನಿಯ ಗೇಟಿನಲ್ಲಿ ಅದು ನಡೆಯುವುದಿಲ್ಲ.

ಹಾಗಾದರೆ ಇದು ಯಾರ ಉಪನಗರ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಯಾದಗಿರಿಯದಲ್ಲ, ಹೈದರಾಬಾದಿನದು, ಅದೂ ಅಂಗಳವಲ್ಲ, ಹಿತ್ತಿಲು. ಬಂಡವಾಳ ಬಹುಮಟ್ಟಿಗೆ ಅತ್ತ ಕಡೆಯದು, ಲಾಭ ಅತ್ತ, ಉಳಿದದ್ದು ಇತ್ತ. ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನ ಕಥೆಯನ್ನು ನಮ್ಮವರು ಓದಬೇಕು. ಅಲ್ಲಿನ ಕೆರೆ ಹಳ್ಳಗಳು ಕೆಟ್ಟ ಪ್ರಕರಣ 1990ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯ ವರದಿ ನೋಡಿ: ಸುಮಾರು 90 ಔಷಧಿ ಕಾರ್ಖಾನೆಗಳ ಕೊಳಚೆಯನ್ನು ಶುದ್ಧಿಮಾಡಿ ಹೊರಬಿಟ್ಟ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧಿಯೊಂದೇ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಇತ್ತು. ಆ ಔಷಧಿ ಸೇವಿಸುವ ರೋಗಿಯ ರಕ್ತದಲ್ಲಿ ಕೂಡ ಅಷ್ಟಿರುವುದಿಲ್ಲ. ಶುದ್ಧಿಯಾದ ನೀರಿನ ಮಾತು ಇದು!

ಕಾರ್ಖಾನೆಯನ್ನು ಪ್ರಶ್ನಿಸುವವರು ಜನರನ್ನು ಗುಳೆಗೆ ದೂಡುತ್ತಾರೆಂದು ಕೆಲವರ ವಾದ. ಗುಳೆ ನಿಲ್ಲಲಿ ಎಂದೇ ನಾನೂ ಹೇಳುತ್ತಿರುವುದು. ಹೊಲವೂ ಹೋಗಿ ಗುಳೆಯೂ ನಿಲ್ಲದಿದ್ದರೆ ಆ ವಾದವನ್ನು ಮಂಡಿಸಬೇಕಾದ ಸ್ಥಳ ಬಾಡಿಯಾಳದ ಕಟ್ಟೆ, ಬೆಂಗಳೂರಿನ ಸಮಾವೇಶವಲ್ಲ. ಕಂಪನಿಗಳು ಈಗ ಕಾಲೊನಿ ಕಟ್ಟುವ ಕಾಲ ಹೋಯಿತೆನ್ನುತ್ತಾರೆ ಇನ್ನು ಕೆಲವರು. ಒಪ್ಪೋಣ. ಭೂಮಿ ಪಡೆದದ್ದು ಮಂಡಳಿ. ಕಂಪನಿ ಕಟ್ಟದಿದ್ದರೆ ಅದು ಕಟ್ಟಲಿ. 1966ರ ಕಾನೂನಿನಿಂದ ಹುಟ್ಟಿದ ಈ ಮಂಡಳಿಗೆ ಇಷ್ಟು ವರ್ಷಗಳಲ್ಲಿ ನಿವೇಶನ ಹಂಚುವುದು ಚೆನ್ನಾಗಿ ರೂಢಿಯಾಗಿದೆ. ಊರು ಕಟ್ಟುವುದೂ ರೂಢಿಯಾಗಲಿ.

ಇನ್ನೊಂದು ಕಾರ್ಖಾನೆಗೆ ಜಾಗ ಕೊಡುವ ಮುನ್ನ ಮನೆಗಳಿಗೆ, ಶಾಲೆಗೆ, ಆಸ್ಪತ್ರೆಗೆ, ಕೈಕಸುಬು ಕಲಿಸುವ ಸಂಸ್ಥೆಗೆ ಗಾಳಿಯ ದಿಕ್ಕು ನೋಡಿ ಜಾಗ ಗುರುತಿಸಿ ಕೆಲಸ ಹಿಡಿಯಬೇಕು. ಭೂಮಿ ಕೊಟ್ಟ ಮನೆಗೊಂದು ನೌಕರಿ ಎಂಬ ಮಾತು ಕರಾರಿನಲ್ಲಿ ಬರಬೇಕು. ಗಾಳಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ವಾರಕ್ಕೊಮ್ಮೆ ಸುತ್ತಲಿನ ಪಂಚಾಯತಿಗಳ ಗೋಡೆಯ ಮೇಲೆ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. 2011ರ ಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಅತಿ ಕಡಿಮೆ. ಅಕ್ಷರ ಬಾರದವರಿಗೂ ತಿಳಿಯುವಂತೆ ಅದನ್ನು ಸಂತೆಯ ದಿನ ಡಂಗುರ ಹೊಡೆಸಿ ಸಾರಲಿ.